ಫೋಟೋ ಎಡಿಟಿಂಗ್ ಕಲಿಯುವವರಿಗೆ: ಹಿಂದಿರುಗುವ ದಾರಿ ಉಳಿಸಿಕೊಂಡು ಕೆಲಸ ಮಾಡುವ ಬಗೆ

ಫೋಟೋ ಎಡಿಟಿಂಗ್ ಕಲಿಯಲು ಕುಳಿತ ಮೊದಲ ದಿನವೇ ಹೆಚ್ಚಿನವರು ಮಾಡುವ ಕೆಲಸವೆಂದರೆ, ಕ್ಯಾಮೆರಾದಿಂದ ಇಳಿಸಿದ ಚಿತ್ರವನ್ನು ನೇರವಾಗಿ ತೆರೆದು, ಬೆಳಕು ಹೆಚ್ಚಿಸಿ, ಬಣ್ಣ ಏರಿಸಿ, ಕಂಟ್ರೋಲ್ ಮತ್ತು ಎಸ್ ಒತ್ತಿಬಿಡುವುದು. ಗದಗಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನೂ ಹಾಗೆಯೇ ಮಾಡಿದ್ದೆ. ಒಂದು ಮದುವೆಯ ಅಕ್ಷತೆಯ ವೇಳೆಯ ನಲವತ್ತು ಚಿತ್ರಗಳನ್ನು ಒಂದೇ ಸಂಜೆಯಲ್ಲಿ ತಿದ್ದಿ, ಎಲ್ಲವನ್ನೂ ಮೂಲದ ಮೇಲೆಯೇ ಸೇವ್ ಮಾಡಿದ್ದೆ. ಮರುದಿನ ವಧುವಿನ ತಾಯಿ ಬಂದು ನೋಡಿ, "ನಮ್ಮ ಹುಡುಗಿ ಸೀರಿ ಬಣ್ಣ ಹಿಂಗಿಲ್ರೀ, ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಡ್ರಿ" ಎಂದರು. ಕೊಡಲು ಮೊದಲಿನ ಚಿತ್ರವೇ ಉಳಿದಿರಲಿಲ್ಲ. ಹಿಂದಿರುಗುವ ದಾರಿಯನ್ನು ಉಳಿಸಿಕೊಂಡು ಕೆಲಸ ಮಾಡುವವನೇ ಈ ಕಸುಬಿನಲ್ಲಿ ಬೇಗ ಮುಗಿಸುತ್ತಾನೆ. ದಾರಿ ಮುಚ್ಚಿಕೊಂಡವನು ಅದೇ ಚಿತ್ರದ ಮೇಲೆ ಎರಡು ಸಲ ಕೂರಬೇಕಾಗುತ್ತದೆ.

ಆದ್ದರಿಂದ ತಂತ್ರಾಂಶವನ್ನು ತೆರೆಯುವ ಮೊದಲೇ ಫೋಲ್ಡರುಗಳನ್ನು ಸರಿಮಾಡಿಕೊಳ್ಳಬೇಕು. ಒಂದು ಕೆಲಸಕ್ಕೆ ಒಂದು ಫೋಲ್ಡರ್, ಅದರೊಳಗೆ ಮೂಲ, ತಿದ್ದುತ್ತಿರುವುದು, ಕೊಡಬೇಕಾದದ್ದು ಎಂಬ ಮೂರು ಫೋಲ್ಡರುಗಳು ಇದ್ದರೆ ಸಾಕು. ಮೂಲ ಎಂಬ ಫೋಲ್ಡರಿಗೆ ಕಾರ್ಡಿನಿಂದ ಇಳಿಸಿದ ಬಳಿಕ ಯಾವ ಚಿತ್ರವನ್ನೂ ಸೇವ್ ಮಾಡಬಾರದು, ಮತ್ತು ಅದರ ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿಗೆ ಸೇರುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬಾರದು. ಫೋಲ್ಡರಿನ ಹೆಸರನ್ನು ವರ್ಷ, ತಿಂಗಳು, ದಿನಾಂಕದ ಕ್ರಮದಲ್ಲಿ ಆರಂಭಿಸಿದರೆ ಕಂಪ್ಯೂಟರ್ ತಾನಾಗಿಯೇ ಅವುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುತ್ತದೆ.

ಅನಂತರ ಆಯ್ಕೆ. ಒಂದೇ ಭಂಗಿಯ ಆರು ಚಿತ್ರಗಳಲ್ಲಿ ಕಣ್ಣು ಮುಚ್ಚಿದವು, ಅಲುಗಿದವು ಇದ್ದೇ ಇರುತ್ತವೆ. ತಿದ್ದುತ್ತಾ ತಿದ್ದುತ್ತಾ ಆರಿಸುವುದಕ್ಕಿಂತ, ಮೊದಲು ಎಲ್ಲವನ್ನೂ ವೇಗವಾಗಿ ನೋಡಿ ನಕ್ಷತ್ರದ ಗುರುತು ಹಾಕಿಕೊಂಡು, ಉಳಿದವನ್ನು ಬದಿಗಿಡುವುದು ಸಮಯ ಉಳಿಸುತ್ತದೆ. ಅಡೋಬ್ ಬ್ರಿಜ್, ಲೈಟ್‌ರೂಮ್ ಮತ್ತು ಹಣ ಕೊಡದೆ ಸಿಗುವ ಡಾರ್ಕ್‌ಟೇಬಲ್, ಈ ಮೂರು ತಂತ್ರಾಂಶಗಳಲ್ಲೂ 1ರಿಂದ 5ರವರೆಗೆ ನಕ್ಷತ್ರ ಕೊಡುವ ವ್ಯವಸ್ಥೆ ಇದೆ.

ಕ್ಯಾಮೆರಾದಲ್ಲಿ ರಾ (ಸೆನ್ಸರ್ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ) ಮಾದರಿಯಲ್ಲಿ ತೆಗೆಯುವ ಅವಕಾಶವಿದ್ದರೆ ಹಾಗೆಯೇ ತೆಗೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಕುಗ್ಗಿಸಿ ಉಳಿಸುವ ಸಾಮಾನ್ಯ ಮಾದರಿಯಾದ ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 0ಯಿಂದ 255ರವರೆಗಿನ 256 ಮಟ್ಟಗಳು ಮಾತ್ರ ಇರುತ್ತವೆ. 14 ಬಿಟ್‌ನ ರಾ ಕಡತದಲ್ಲಿ ಆ ಸಂಖ್ಯೆ 16,384. ಜೆಪೆಗ್ ಅನ್ನು ತೆರೆದು ತಿದ್ದಿ ಮತ್ತೆ ಜೆಪೆಗ್ ಆಗಿಯೇ ಉಳಿಸಿದಾಗ ಪ್ರತಿ ಸಲವೂ ಸ್ವಲ್ಪ ವಿವರ ನಷ್ಟವಾಗುತ್ತದೆ ಎಂಬುದೂ ನೆನಪಿರಲಿ. ರಾ ಕಡತದ ಇನ್ನೊಂದು ದೊಡ್ಡ ಅನುಕೂಲವೆಂದರೆ, ಒಂದೇ ಮಂಟಪದಲ್ಲಿ ಒಂದೇ ಬೆಳಕಿನಲ್ಲಿ ತೆಗೆದ ಐವತ್ತು ಚಿತ್ರಗಳನ್ನು ಕ್ಯಾಮೆರಾ ರಾ (ಫೋಟೋಶಾಪಿನ ಜೊತೆ ಬರುವ, ರಾ ಕಡತ ತೆರೆಯುವ ಭಾಗ) ಅಥವಾ ಲೈಟ್‌ರೂಮಿನಲ್ಲಿ ಒಟ್ಟಿಗೆ ಆಯ್ದುಕೊಂಡು, ಒಂದರಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿಯು ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣದ ಹೊಂದಾಣಿಕೆ) ಮತ್ತು ಬೆಳಕನ್ನು ಸರಿಪಡಿಸಿ, ಸಿಂಕ್ ಆಯ್ಕೆಯಿಂದ ಉಳಿದ ನಲವತ್ತೊಂಬತ್ತಕ್ಕೂ ಅದನ್ನೇ ಅನ್ವಯಿಸಬಹುದು. ಒಂದೊಂದನ್ನೇ ತೆರೆದು ತಿದ್ದುವವರು ಅರ್ಧ ದಿನ ಕಳೆಯುವ ಕೆಲಸ ಇದರಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಜೊತೆಗೆ ಆಲ್ಬಮ್ಮಿನ ಎದುರುಬದುರು ಪುಟಗಳಲ್ಲಿ ಚರ್ಮದ ಬಣ್ಣವೂ ಒಂದೇ ರೀತಿ ಇರುತ್ತದೆ.

ಇನ್ನು ಲೇಯರುಗಳ ವಿಷಯ. ಹೊಸಬರು ಇದರ ಮೇಲೆಯೇ ಹೆಚ್ಚು ಸಮಯ ಕೊಡಬೇಕು. ಚಿತ್ರದ ಮೇಲೆ ಗಾಜಿನ ಹಾಳೆಯನ್ನು ಇಟ್ಟು, ಬಣ್ಣವನ್ನು ಆ ಗಾಜಿಗೆ ಮಾತ್ರ ಹಚ್ಚಿದಂತೆ ಲೇಯರ್ ಕೆಲಸ ಮಾಡುತ್ತದೆ. ಬೇಡವಾದಾಗ ಗಾಜನ್ನು ಎತ್ತಿಟ್ಟರೆ ಕೆಳಗಿನ ಚಿತ್ರ ಇದ್ದಂತೆಯೇ ಇರುತ್ತದೆ. ಫೋಟೋಶಾಪಿನಲ್ಲಿ ಬೆಳಕು ನೆರಳು ಸರಿಪಡಿಸುವ ಲೆವೆಲ್ಸ್, ಕರ್ವ್ಸ್ ಮುಂತಾದವುಗಳನ್ನು ಇಮೇಜ್ ಮೆನುವಿನಿಂದ ನೇರವಾಗಿ ಬಳಸದೆ ಅಡ್ಜಸ್ಟ್‌ಮೆಂಟ್ ಲೇಯರ್ ಆಗಿ ಬಳಸಿದರೆ, ಎಂಟು ದಿನ ಬಿಟ್ಟು, ಲೇಯರುಗಳನ್ನು ಉಳಿಸಿಡುವ ಪಿಎಸ್‌ಡಿ ಕಡತವನ್ನು ತೆರೆದರೂ ಅಂದು ಇಟ್ಟ ಅಳತೆಯನ್ನು ಬದಲಾಯಿಸಬಹುದು. ಉಚಿತವಾಗಿ ಸಿಗುವ ಜಿಂಪ್‌ನಲ್ಲಿ ಈ ಸೌಲಭ್ಯ ಬಹಳ ಕಾಲ ಇರಲಿಲ್ಲ. 2025ರಲ್ಲಿ ಬಂದ 3.0 ಆವೃತ್ತಿಯಿಂದ ಫಿಲ್ಟರುಗಳನ್ನು ಅನ್ವಯಿಸಿದ ಬಳಿಕವೂ ತಿದ್ದುವ ಅವಕಾಶ ಸೇರಿದೆ. ಆದ್ದರಿಂದ ಜಿಂಪ್ ಬಳಸುವವರು ಹಳೆಯ ಆವೃತ್ತಿಯಲ್ಲಿ ಉಳಿಯುವುದು ಸರಿಯಲ್ಲ.

ಲೇಯರಿನ ಜೊತೆಗೆ, ಅದರ ತಿದ್ದುಪಡಿ ಎಲ್ಲಿ ಕಾಣಬೇಕು ಎಂದು ನಿರ್ಧರಿಸುವ ಮಾಸ್ಕ್ ಅನ್ನೂ ಕಲಿಯಬೇಕು. ಗದಗದಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಗೆ ಹೋಗಿ ಬ್ರಹ್ಮ ಜಿನಾಲಯದ ಒಳಗಿನ ಕಂಬಗಳ ಚಿತ್ರ ತೆಗೆದವರಿಗೆ ಇದರ ಅಗತ್ಯ ಕೂಡಲೇ ತಿಳಿಯುತ್ತದೆ. ಬಾಗಿಲಿನ ಹೊರಗೆ ಸುಡು ಬಿಸಿಲು, ಒಳಗೆ ಕಪ್ಪು ಛಾಯೆಯ ಕಲ್ಲು. ಒಳಗಿನ ಕೆತ್ತನೆ ಕಾಣಲೆಂದು ಬೆಳಕು ಹೆಚ್ಚಿಸಿದರೆ ಬಾಗಿಲು ಬೆಳ್ಳಗಾಗಿ ಹೋಗುತ್ತದೆ. ಆಗ ಕರ್ವ್ಸ್ ಲೇಯರಿನಲ್ಲಿ ಒಳಗಿನ ಕಲ್ಲಿಗೆ ಬೇಕಾದಷ್ಟು ಬೆಳಕು ಕೊಟ್ಟು, ಆ ಲೇಯರಿನ ಮಾಸ್ಕಿನಲ್ಲಿ ಬಾಗಿಲಿನ ಜಾಗಕ್ಕೆ ಕಪ್ಪು ಬಣ್ಣ ಹಚ್ಚಬೇಕು. ಮಾಸ್ಕಿನಲ್ಲಿ ಬಿಳಿ ಇರುವಲ್ಲಿ ತಿದ್ದುಪಡಿ ಕಾಣುತ್ತದೆ, ಕಪ್ಪು ಇರುವಲ್ಲಿ ಮರೆಯಾಗುತ್ತದೆ, ಬೂದು ಇರುವಲ್ಲಿ ಅರೆಬರೆಯಾಗಿ ಕಾಣುತ್ತದೆ. ಇದೇ ಕೆಲಸವನ್ನು ಇರೇಸರಿನಿಂದ ಮಾಡಿದರೆ ಅಳಿಸಿದ್ದು ಹೋಯಿತು; ಮಾಸ್ಕಿನಲ್ಲಾದರೆ ತಪ್ಪಿದಲ್ಲಿ ಬಿಳಿ ಹಚ್ಚಿದರೆ ಮತ್ತೆ ಮರಳುತ್ತದೆ. ಬ್ರಷ್‌ನ ಅಂಚು ಮೃದುವಾಗಿರಲಿ, ಇಲ್ಲವಾದರೆ ಕಲ್ಲಿನ ಸುತ್ತ ಪ್ರಭಾವಳಿಯಂತಹ ಗೆರೆ ಮೂಡುತ್ತದೆ.

ಅನ್‌ಡೂ ಇದೆಯಲ್ಲ ಎಂದು ನಂಬಿ ಕೂರುವವರಿಗೂ ಒಂದು ಎಚ್ಚರಿಕೆ ಹೇಳಬೇಕು. ಈಗಿನ ಫೋಟೋಶಾಪ್ ಬೇರೆ ಸೆಟ್ಟಿಂಗ್ ಕೊಡದಿದ್ದರೆ ಕೊನೆಯ 50 ಹೆಜ್ಜೆಗಳನ್ನು ಮಾತ್ರ ನೆನಪಿಡುತ್ತದೆ, ಮತ್ತು ಬ್ರಷ್‌ನ ಒಂದೊಂದು ಎಳೆತವೂ ಒಂದು ಹೆಜ್ಜೆಯೇ. ಮುಖದ ಕಲೆಗಳನ್ನು ತೆಗೆಯಲು ಕುಳಿತರೆ ಐವತ್ತು ಎಳೆತ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕಡತವನ್ನು ಮುಚ್ಚಿದರೆ ಆ ಪಟ್ಟಿಯೂ ಇಲ್ಲವಾಗುತ್ತದೆ. ಆದ್ದರಿಂದ ಕಲೆ ತೆಗೆಯುವ ಕೆಲಸವನ್ನು ಪ್ರತ್ಯೇಕ ಖಾಲಿ ಲೇಯರಿನಲ್ಲಿ, ಹೀಲಿಂಗ್ ಬ್ರಷ್‌ಗೆ ಕೆಳಗಿನ ಲೇಯರುಗಳಿಂದಲೂ ಮಾದರಿ ತೆಗೆದುಕೊಳ್ಳುವ ಆಯ್ಕೆ ಕೊಟ್ಟು ಮಾಡುವುದು ಉತ್ತಮ.

ಬಣ್ಣದ ವಿಷಯದಲ್ಲಿ ನಮ್ಮ ಕಡೆಯವರು ಹೆಚ್ಚು ಎಡವುವುದು ಕೆಂಪಿನಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸುರಿದ ಮೆಣಸಿನಕಾಯಿಯ ರಾಶಿ, ಧಾರೆಯ ಸೀರೆ, ಕುಂಕುಮ, ಎಲ್ಲವೂ ಗಾಢ ಕೆಂಪು. ಕಣ್ಣಿಗೆ ಚೆಂದ ಕಂಡಿತೆಂದು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದಾಗ ಕೆಂಪಿನ ಚಾನೆಲ್ ತನ್ನ ಗರಿಷ್ಠ ಮಟ್ಟವಾದ 255ನ್ನು ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಆಮೇಲೆ ಕಾಯಿಯ ಸುಕ್ಕು, ಸೀರೆಯ ಮಡಿಕೆ ಎರಡೂ ಕಾಣದೆ ಕೆಂಪು ಬಣ್ಣ ಬಳಿದ ಗೋಡೆಯಂತಾಗುತ್ತದೆ. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಯಾವ ಮಟ್ಟದಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂದು ತೋರಿಸುವ ನಕ್ಷೆ) ನೋಡಿದರೆ ಇದು ತಿಳಿಯುವುದಿಲ್ಲ, ಏಕೆಂದರೆ ಹಸಿರು ಮತ್ತು ನೀಲಿ ಕಡಿಮೆ ಇರುವುದರಿಂದ ಒಟ್ಟು ಮೊತ್ತ ಮಧ್ಯದಲ್ಲಿಯೇ ಇರುತ್ತದೆ. ಹಿಸ್ಟೋಗ್ರಾಮಿನಲ್ಲಿ ಕೆಂಪು ಚಾನೆಲ್ ಒಂದನ್ನೇ ಆರಿಸಿ, ಅದು ಬಲತುದಿಗೆ ಒತ್ತಿಕೊಂಡು ನಿಂತಿದೆಯೇ ಎಂದು ನೋಡಬೇಕು. ನಿಂತಿದ್ದರೆ ಹ್ಯೂ-ಸ್ಯಾಚುರೇಶನ್ ಲೇಯರಿನಲ್ಲಿ ರೆಡ್ಸ್ ಆರಿಸಿ ಅದರ ಪ್ರಮಾಣವನ್ನು ಮಾತ್ರ ಇಳಿಸಬೇಕು. ಚಿತ್ರ ತೆಗೆಯುವಾಗಲೇ ಕೆಂಪು ಮಿತಿ ಮೀರಿದ್ದರೆ ಜೆಪೆಗ್‌ನಲ್ಲಿ ಆ ವಿವರ ಮರಳಿ ಬರುವುದಿಲ್ಲ. ರಾ ಕಡತದಲ್ಲಿ ಎಕ್ಸ್‌ಪೋಶರ್ ಇಳಿಸಿದರೆ ಸಾಕಷ್ಟು ಬಾರಿ ಬರುತ್ತದೆ. ನನ್ನನ್ನು ಕೇಳಿದರೆ, ಬ್ಯಾಡಗಿ ಕಾಯಿ ತನ್ನ ಬಣ್ಣಕ್ಕೇ ಹೆಸರುವಾಸಿಯಾಗಿರುವಾಗ, ಆ ಬಣ್ಣದೊಳಗಿನ ಛಾಯೆಗಳನ್ನು ಉಳಿಸುವುದು ಚಿತ್ರ ತೆಗೆದವರ ಕರ್ತವ್ಯ.

ಶಾರ್ಟ್‌ಕಟ್‌ಗಳ ದೊಡ್ಡ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಫೋಟೋಶಾಪ್ ಮತ್ತು ಜಿಂಪ್ ಎರಡರಲ್ಲೂ ಒಂದೇ ರೀತಿ ಕೆಲಸ ಮಾಡುವ ಕೆಲವನ್ನು ಮೊದಲ ವಾರದಲ್ಲಿ ಕೈಗೆ ಒಗ್ಗಿಸಿಕೊಳ್ಳಿ: ಚೌಕ ಆವರಣದ ಕೀಲಿಗಳಿಂದ ಬ್ರಷ್ ಹಿರಿದು ಕಿರಿದಾಗುತ್ತದೆ, ಡಿ ಒತ್ತಿದರೆ ಬಣ್ಣಗಳು ಕಪ್ಪು ಬಿಳಿಗೆ ಮರಳುತ್ತವೆ, ಎಕ್ಸ್ ಒತ್ತಿದರೆ ಅವೆರಡೂ ಅದಲುಬದಲಾಗುತ್ತವೆ, ಸ್ಪೇಸ್ ಬಾರ್ ಹಿಡಿದು ಎಳೆದರೆ ಚಿತ್ರ ಸರಿಯುತ್ತದೆ, ಟ್ಯಾಬ್ ಒತ್ತಿದರೆ ಬದಿಯ ಪಟ್ಟಿಗಳು ಮರೆಯಾಗುತ್ತವೆ. ಮಾಸ್ಕ್ ಮೇಲೆ ಕೆಲಸ ಮಾಡುವಾಗ ಎಡಗೈ ಎಕ್ಸ್ ಕೀಲಿಯನ್ನು ಬಿಟ್ಟು ಏಳಬಾರದು. ಫೋಟೋಶಾಪಿನಲ್ಲಿ ಬ್ರಷ್‌ನ ವೃತ್ತ ಕಾಣದೆ ಅಧಿಕ ಚಿಹ್ನೆಯಂತಹ (+) ಗುರುತು ಮಾತ್ರ ಕಂಡರೆ ಕ್ಯಾಪ್ಸ್ ಲಾಕ್ ಹತ್ತಿದೆ ಎಂದರ್ಥ. ಕನ್ನಡದಲ್ಲಿ ಹೆಸರು ಬರೆದ ಬಳಿಕ ಕೀಲಿಮಣೆಯನ್ನು ಇಂಗ್ಲಿಷಿಗೆ ಮರಳಿಸದಿದ್ದರೆ ಈ ಒಂದಕ್ಷರದ ಕೀಲಿಗಳು ಸುಮ್ಮನಿದ್ದುಬಿಡಬಹುದು.

ಕಂಪ್ಯೂಟರ್ ನಿಧಾನವಾಗುತ್ತದೆ ಎಂದು ದೂರುವವರು ಒಂದು ಲೆಕ್ಕವನ್ನು ಗಮನಿಸಬೇಕು. 12 × 36 ಇಂಚಿನ ಆಲ್ಬಮ್ ಹಾಳೆಯನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ತೆರೆದರೆ ಅದು 3600 × 10800 ಪಿಕ್ಸೆಲ್ ಆಗುತ್ತದೆ, ಮತ್ತು ಚಿತ್ರ ತುಂಬಿದ ಒಂದೊಂದು ಲೇಯರೂ ಸುಮಾರು 117 ಎಂಬಿ ಮೆಮೊರಿ ಬೇಡುತ್ತದೆ. ಹತ್ತು ಲೇಯರ್ ಇಟ್ಟು, ಅದರ ಜೊತೆಗೆ ಬ್ರೌಸರನ್ನೂ ತೆರೆದಿಟ್ಟರೆ 8 ಜಿಬಿ ರ‍್ಯಾಮ್ ಬೇಗ ತುಂಬುತ್ತದೆ. ಅಡ್ಜಸ್ಟ್‌ಮೆಂಟ್ ಲೇಯರುಗಳು ಚಿತ್ರದ ಪ್ರತಿಯನ್ನು ಹೊತ್ತುಕೊಳ್ಳುವುದಿಲ್ಲವಾದ್ದರಿಂದ ಇಲ್ಲಿಯೂ ಅವೇ ಹಗುರ. ಕರೆಂಟ್ ಹೋಗುವ ಕಡೆಗಳಲ್ಲಿ ಯುಪಿಎಸ್ ಇಲ್ಲದೆ ಇಂತಹ ಕಡತದ ಮೇಲೆ ಕೆಲಸ ಮಾಡಬಾರದು.

ಮುದ್ರಣಕ್ಕೆ ಕೊಡುವ ಪ್ರತಿಯನ್ನು ಯಾವಾಗಲೂ ಬೇರೆಯಾಗಿಯೇ ಮಾಡಿ: ಲೇಯರುಗಳಿರುವ ಪಿಎಸ್‌ಡಿ ಅಥವಾ ಎಕ್ಸ್‌ಸಿಎಫ್ (ಜಿಂಪ್‌ನ ಕಡತ) ತನ್ನ ಜಾಗದಲ್ಲಿ ಉಳಿಯಲಿ, ಜೆಪೆಗ್ ಅದರಿಂದ ಹುಟ್ಟಲಿ. ಇಂಚಿಗೆ 300ರ ಲೆಕ್ಕದಲ್ಲಿ 4 × 6 ಇಂಚಿಗೆ 1200 × 1800 ಪಿಕ್ಸೆಲ್ ಬೇಕು. 35 × 45 ಮಿ.ಮೀ. ಪಾಸ್‌ಪೋರ್ಟ್ ಚಿತ್ರಕ್ಕೆ ಸುಮಾರು 413 × 531 ಪಿಕ್ಸೆಲ್ ಸಾಕು, ಅಂಥ ಎಂಟು ಚಿತ್ರಗಳು ಒಂದು 4 × 6 ಹಾಳೆಯಲ್ಲಿ ಹಿಡಿಯುತ್ತವೆ. ಈ ಜೋಡಣೆಯನ್ನು ಫೋಟೋಶಾಪಿನಲ್ಲಿ ಒಮ್ಮೆ ಆಕ್ಷನ್ (ಹೆಜ್ಜೆಗಳನ್ನು ನೆನಪಿಟ್ಟು ತಾನೇ ಮತ್ತೆ ಮಾಡುವ ಸೌಲಭ್ಯ) ಆಗಿ ರೆಕಾರ್ಡ್ ಮಾಡಿಟ್ಟುಕೊಂಡರೆ ಮುಂದಿನ ಪ್ರತಿ ಗಿರಾಕಿಗೂ ಒಂದೇ ಕೀಲಿ. ಗಾತ್ರ ಬದಲಿಸಿದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಶಾರ್ಪನ್ ಮಾಡಬೇಕು. ಲ್ಯಾಬಿನವರು ಬೇರೆ ಏನನ್ನೂ ಹೇಳದಿದ್ದರೆ ಬಣ್ಣದ ಪ್ರೊಫೈಲ್ (ಕಡತದ ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಗುರುತು) ಎಸ್‌ಆರ್‌ಜಿಬಿ ಆಗಿರಲಿ.

ಆಲ್ಬಮ್ಮಿನ ಮೊದಲ ಪುಟಕ್ಕೆ ವಧೂವರರ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ದೋಷ ಅಕ್ಷರಶೈಲಿಯದ್ದಲ್ಲದೆ ಸೆಟ್ಟಿಂಗಿನದ್ದಾಗಿರಬಹುದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಕೊಟ್ಟು, ತಂತ್ರಾಂಶವನ್ನು ಮುಚ್ಚಿ ತೆರೆದು, ಹೊಸ ಕಡತದಲ್ಲಿ ಬರೆದು ನೋಡಿ. ಒಪ್ಪಿಗೆಗಾಗಿ ಚಿತ್ರಗಳನ್ನು ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಆಗ ಅದು ಕುಗ್ಗದೆ, ನೀವು ತಿದ್ದಿದಂತೆಯೇ ಅವರಿಗೆ ತಲುಪುತ್ತದೆ.