ಸಂಬಳದ ಚೀಟಿ ಇಲ್ಲದ ಗಂಡ: ತೋಟದ ಆದಾಯ ತೋರಿಸಿ ಜೀವನಾಂಶ ಕೇಳುವುದು ಹೇಗೆ?

ಗಂಡ ಸರ್ಕಾರಿ ನೌಕರನಾಗಿದ್ದರೆ ಜೀವನಾಂಶದ ಕೇಸು ಅರ್ಧ ಸಲೀಸು, ಸಂಬಳದ ಚೀಟಿಯೇ ಎಲ್ಲ ಹೇಳುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಹಾಗಲ್ಲ. ಕಾಫಿ, ಮೆಣಸು, ಶುಂಠಿ, ಹಾಲು ಹೀಗೆ ದುಡ್ಡು ಬರುವುದು ನಾಲ್ಕು ಕಡೆಯಿಂದ. ಕೋರ್ಟಿನಲ್ಲಿ ಹೇಳುವುದು ಮಾತ್ರ ಒಂದೇ: 'ಜಮೀನು ಅಪ್ಪನ ಹೆಸರಲ್ಲಿದೆ, ನಾನು ಅಲ್ಲಿ ಕೂಲಿ.' ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್ಸ್ ನಂಬಿ ಕೂರುವಂತೆಯೂ ಇಲ್ಲ. ಅರ್ಜಿ ಹಾಕುವ ಮೊದಲೇ ಕಾಗದ ಕೂಡಿಸಬೇಕು.

ಮೊದಲು, ಎಲ್ಲಿಗೆ ಹೋಗಬೇಕು ಎನ್ನುವುದು. ಹಿಂದೆ ಎಲ್ಲರ ಬಾಯಲ್ಲಿದ್ದ '125', ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಜಾರಿಗೆ ಬಂದದ್ದು 2024ರ ಜುಲೈ 1ರಿಂದ. ಎಲ್ಲ ಧರ್ಮದವರಿಗೂ ಅನ್ವಯ. ವಿಚ್ಛೇದನದ ಕೇಸು ಹಾಕಿರಬೇಕೆಂದೇನೂ ಇಲ್ಲ. ಗಂಡ ಬೆಂಗಳೂರಿನಲ್ಲಿದ್ದರೂ ಹೆಂಡತಿ ತವರಿನಲ್ಲಿ ವಾಸವಿದ್ದರೆ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. ಹಾಸನದ ಕೌಟುಂಬಿಕ ನ್ಯಾಯಾಲಯವೋ, ತಾಲ್ಲೂಕಿನ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟೋ ಎಂಬುದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ಹೇಳುತ್ತಾರೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ದೂರವಾಣಿ 15100.

ಊರ ಪಂಚಾಯ್ತಿಯಲ್ಲಿ ಛಾಪಾ ಕಾಗದದ ಮೇಲೆ ಸಹಿ ಹಾಕುವ ಮುನ್ನ ಹತ್ತು ಸಲ ಯೋಚಿಸಿ. 'ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ' ಎಂದು ಬರೆಸಿಕೊಂಡರೆ ಅದು ವಿಚ್ಛೇದನವಂತೂ ಆಗುವುದಿಲ್ಲ (ಹಾಗೊಂದು ರೂಢಿ ಇದೆಯೆಂದು ರುಜುವಾತಾದರೆ ಬೇರೆ ಮಾತು). ಆದರೆ 144ನೇ ಕಲಮಿನ ಪ್ರಕಾರ ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶವಿಲ್ಲ. ಎದುರು ವಕೀಲರು ಮೊದಲು ಹಾಜರುಪಡಿಸುವುದೇ ಆ ಕಾಗದವನ್ನು.

ಇನ್ನು ಆದಾಯದ ವಿಷಯ. 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕೆಂದಿತು. ಹೆಚ್ಚಿನವರಿಗೆ ತಿಳಿಯದ ಸಂಗತಿ, ರೈತಾಪಿ ಕುಟುಂಬಗಳಿಗೆ ಅದರಲ್ಲಿ ಬೇರೆಯೇ ನಮೂನೆ ಇದೆ, ಎರಡನೇ ಅನುಬಂಧ. ಜಮೀನಿನ ಒಟ್ಟು ವಿಸ್ತೀರ್ಣ ಅಥವಾ ಅದರಲ್ಲಿ ತನ್ನ ಪಾಲು, ತರಿಯೋ (ನೀರಾವರಿ) ಖುಷ್ಕಿಯೋ (ಮಳೆಯಾಶ್ರಿತ), ಬೆಳೆ ಯಾವುದು, ಕಳೆದ 3 ವರ್ಷದ ಆದಾಯ, ಗುತ್ತಿಗೆ, ದನಕರು, ಜಮೀನಿನ ಮೇಲಿನ ಸಾಲ ಎಲ್ಲವನ್ನೂ ಅದು ಕೇಳುತ್ತದೆ. ಗಂಡ ಪೇಟೆಯವರ ನಮೂನೆ ತುಂಬಿ 'ಆದಾಯ ಇಲ್ಲ' ಎಂದು ಬರೆದುಕೊಟ್ಟರೆ ಆಕ್ಷೇಪಿಸಿ, ಎರಡನೇ ಅನುಬಂಧವನ್ನೇ ಕೇಳಿ.

ಅವನು ಬರೆದದ್ದು ಸುಳ್ಳೋ ನಿಜವೋ ಎಂದು ತೋರಿಸುವುದು ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ. ಕಂದಾಯ ಇಲಾಖೆಯ 'ಭೂಮಿ' ತಂತ್ರಾಂಶದಲ್ಲಿ ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ತೆಗೆಸಬಹುದು. 9ನೇ ಕಾಲಂನಲ್ಲಿ ಹೆಸರು ಮಾವನದೇ ಇರಲಿ, ಕಣ್ಣು 10ಕ್ಕೆ ಹೋಗಲಿ: ಜಮೀನು ಹೇಗೆ ಬಂತು ಎಂಬುದು ಅಲ್ಲಿದೆ. 'ವಿಭಾಗ' ಎಂದಿದ್ದರೆ ಅದು ಪಿತ್ರಾರ್ಜಿತ, ಮಗನಿಗೂ ಪಾಲಿದೆ ಎಂದು ವಾದಿಸಲು ದಾರಿ. 'ಕ್ರಯ' ಎಂದಿದ್ದರೆ ಸಾಮಾನ್ಯವಾಗಿ ಮಾವನ ಸ್ವಯಾರ್ಜಿತ. ಆಗ ಪಾಲಿನ ಮಾತು ಬಿಟ್ಟು, ದುಡಿಯುವ ಶಕ್ತಿಯಿರುವ ಗಂಡಸು ಕೂಲಿ ಮಾಡಿಯಾದರೂ ಸಾಕಬೇಕೆಂಬ 2022ರ ಅಂಜು ಗರ್ಗ್ ತೀರ್ಪನ್ನು ಹಿಡಿಯಬೇಕು. 11ನೇ ಕಾಲಂನಲ್ಲಿ ಋಣ: ಸಾಲ ಯಾವ ಬ್ಯಾಂಕಿನದು, ಎಷ್ಟು ಎಂಬುದು. ಆದಾಯವೇ ಇಲ್ಲದವನಿಗೆ ಬ್ಯಾಂಕು ಲಕ್ಷಗಟ್ಟಲೆ ಬೆಳೆ ಸಾಲ ಕೊಡುವುದಿಲ್ಲ. ಪಾಟೀಸವಾಲಿಗೆ (ಎದುರು ಪಕ್ಷದವರನ್ನು ಕೋರ್ಟಿನಲ್ಲಿ ಪ್ರಶ್ನಿಸುವಾಗ) ಇದಕ್ಕಿಂತ ಒಳ್ಳೆ ಪ್ರಶ್ನೆ ಸಿಗದು. 12ರಲ್ಲಿ ಸಾಗುವಳಿದಾರ ಮತ್ತು ಬೆಳೆ.

ಪಹಣಿಯ ಜೊತೆಗೆ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಣಾ ಘಟಕ) ಅಥವಾ ವ್ಯಾಪಾರಿಯ ಬಿಲ್ಲು, ಡೈರಿಯ ಹಾಲಿನ ಪಾಸ್‌ಬುಕ್, ಸೊಸೈಟಿ ಸಾಲದ ಲೆಕ್ಕ. ಕೈಗೆ ಸಿಗದಿದ್ದರೆ ಸಂಬಂಧಪಟ್ಟವರಿಂದ ದಾಖಲೆ ತರಿಸಲು ಕೋರ್ಟಿಗೇ ಅರ್ಜಿ ಕೊಡಿ. ಸುಮ್ಮನೆ 'ದಾಖಲೆ ಕೊಡುತ್ತಿಲ್ಲ' ಎಂದರೆ ಪ್ರಯೋಜನವಿಲ್ಲ, ಯಾವ ಬ್ಯಾಂಕು, ಯಾವ ಶಾಖೆ, ಯಾವ ವರ್ಷ ಎಂದು ಬರೆಯಬೇಕು.

ಲೆಕ್ಕ ಕಟ್ಟುವಾಗ ಒಂದು ತಪ್ಪು ಪದೇಪದೇ ಆಗುತ್ತದೆ. ಫಸಲು ಬಂದ ವರ್ಷದ ಬಿಲ್ಲನ್ನು 12ರಿಂದ ಭಾಗಿಸಿ ತಿಂಗಳ ಆದಾಯ ಎನ್ನುತ್ತಾರೆ. ಎದುರಿನವರು ಮಳೆಗೆ ಕಾಯಿ ಉದುರಿದ ವರ್ಷ ತೋರಿಸಿ ಅದನ್ನು ಉರುಳಿಸುತ್ತಾರೆ. 3 ವರ್ಷದ್ದನ್ನು ಕೂಡಿಸಿ, ಗೊಬ್ಬರ, ಕೊಯ್ಲಿನ ಕೂಲಿ, ಕಪಾತು (ಗಿಡ ಸವರುವುದು) ಇವುಗಳ ಖರ್ಚು ಕಳೆದು, 36ರಿಂದ ಭಾಗಿಸಿ. ಉದಾಹರಣೆಗೆ ಬಿಲ್ಲುಗಳ ಮೊತ್ತ 18 ಲಕ್ಷ, ಖರ್ಚು 9 ಲಕ್ಷವಾದರೆ ತಿಂಗಳಿಗೆ 25,000 ರೂಪಾಯಿ. ನ್ಯಾಯಾಧೀಶರು ನಂಬುವ ಅಂಕಿ ಇಂಥದ್ದು. 'ತಿಂಗಳಿಗೆ ಎರಡು ಲಕ್ಷ' ಎಂದು ಬರೆಸುವ ವಕೀಲರಿಗೆ ಬೇಡ ಎನ್ನಿ.

ಹೆಂಡತಿಯೂ ತನ್ನ ದುಡಿಮೆ ಮುಚ್ಚಿಡಬಾರದು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರೆ ಪಿಎಫ್ ದಾಖಲೆಯಿಂದ ಹೊರಬೀಳುತ್ತದೆ. ಸಂಬಳ ಬರುತ್ತದೆ ಎಂಬುದೊಂದರಿಂದಲೇ ಜೀವನಾಂಶ ತಪ್ಪುವುದಿಲ್ಲ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮೊದಲೇ ಏನಾದರೂ ಆದೇಶವಾಗಿದ್ದರೆ ಅದನ್ನೂ ತಿಳಿಸಿ. ಆ ಮೊತ್ತವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶಕ್ಕೂ ಹಾಕಿ. ನೋಟಿಸು ಜಾರಿಯಾದ 60 ದಿನದೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಇತ್ಯರ್ಥವಾಗಬೇಕೆಂದು ಕಾನೂನು ಹೇಳುತ್ತದೆ. ತಡವಾಗುವುದು ನೋಟಿಸಿನಲ್ಲೇ: ಊರಿನ ವಿಳಾಸ ಮಾತ್ರ ಕೊಟ್ಟರೆ 'ಮನೆಯಲ್ಲಿಲ್ಲ' ಎಂದು ವಾಪಸು ಬರುತ್ತದೆ. ತೋಟದ ಮನೆ, ಬಾಡಿಗೆ ಮನೆ, ಕೆಲಸದ ಜಾಗ ಮೂರನ್ನೂ ಬರೆಸಿ.

ಮಕ್ಕಳ ಪಾಲನೆಯನ್ನು ಇದರೊಳಗೆ ಬೆರೆಸಬೇಡಿ. ಅದಕ್ಕೆ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲಿ ಬೇರೆ ಅರ್ಜಿ. ಹಿಂದೂ ಕಾನೂನಿನಲ್ಲಿ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ. ಮಗು ತೋರಿಸಲಿಲ್ಲವೆಂದು ಜೀವನಾಂಶ ನಿಲ್ಲಿಸುವಂತಿಲ್ಲ. ಜೀವನಾಂಶ ಕೊಡಲಿಲ್ಲವೆಂದು ಭೇಟಿ ತಪ್ಪಿಸುವಂತೆಯೂ ಇಲ್ಲ.

ಆದೇಶವಾದ ಮೇಲೂ ಕಟ್ಟದವರಿದ್ದಾರೆ. ಬಾಕಿ ವಸೂಲಿಗೆ ಅರ್ಜಿಯನ್ನು ಆ ಹಣ ಕೊಡಬೇಕಾದ ದಿನದಿಂದ 1 ವರ್ಷದೊಳಗೆ ಹಾಕಬೇಕು. 'ಕಾಫಿ ಮಾರಿದ ಮೇಲೆ ಕೊಡುತ್ತೇನೆ' ಎಂಬ ಮಾತು ನಂಬಿ ಎರಡು ಸುಗ್ಗಿ ಕಾದರೆ ಹಳೆಯ ಬಾಕಿಗೆ ವಾರಂಟು ಸಿಗುವುದು ಕಷ್ಟ. ಪ್ರತಿ ತಿಂಗಳ ಬಾಕಿಗೆ ಗರಿಷ್ಠ ಒಂದು ತಿಂಗಳ ಜೈಲು ವಿಧಿಸಬಹುದು, ಆದರೆ ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ.