ಓಮ್ನಿಯ ಹಿಂದಿನ ಚಕ್ರದ ಕಿಂಯ್ ಕಿಂಯ್: ಸೀಮೆಸುಣ್ಣ ಹಿಡಿದು ಹುಡುಕಿದ್ದು

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಇನ್ನೂ ಓಮ್ನಿ ವ್ಯಾನ್ ಇಟ್ಟುಕೊಂಡಿರುವ ತೋಟದವರು ಬೇಕಾದಷ್ಟು ಜನ ಇದ್ದಾರೆ. 2019ರಲ್ಲಿ ಮಾರುತಿ ಕಂಪೆನಿ ಅದರ ತಯಾರಿ ನಿಲ್ಲಿಸಿತು. ಗೊಬ್ಬರದ ಗೋಣಿ, ಅಡಿಕೆ ಮೂಟೆ, ಮದುವೆಗೆ ಹೊರಟ ಮನೆಮಂದಿ ಎಲ್ಲವನ್ನೂ ಹೊರುವ ಗಾಡಿ ಆ ಬೆಲೆಗೆ ಮತ್ತೆ ಸಿಗುವುದಿಲ್ಲ. ಇದ್ದದ್ದನ್ನೇ ರಿಪೇರಿ ಮಾಡಿಕೊಂಡು ಓಡಿಸಬೇಕು, ಅಲ್ವಾ. ನಮ್ಮದರ ಹಿಂದಿನ ಎಡ ಚಕ್ರದ ಕಡೆಯಿಂದ ಬರುತ್ತಿದ್ದ ಶಬ್ದವನ್ನು ಗ್ಯಾರೇಜಿನವರು ಕೈಬಿಟ್ಟ ಮೇಲೆ ನಾನೇ ಹಿಡಿದೆ. ಸೀಮೆಸುಣ್ಣ ಹಿಡಿದು ಹುಡುಕಿದೆ ಅಂದಾಗ ಹೋಟೆಲಿನಲ್ಲಿ ನಕ್ಕವರೆಲ್ಲ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಶಬ್ದದ ಜಾತಕ ಹೀಗೆ. ಹತ್ತರಿಂದ ಇಪ್ಪತ್ತೈದರ ವೇಗದಲ್ಲಿ ಗುಬ್ಬಿ ಮರಿ ಕೂಗಿದ ಹಾಗೆ ಕಿಂಯ್ ಕಿಂಯ್. ಮೂವತ್ತು ದಾಟಿದರೆ ಸೀಟಿನ ಅಡಿಯ ಇಂಜಿನ್ನಿನ ಗದ್ದಲದಲ್ಲಿ ಮುಳುಗುತ್ತದೆ. ನ್ಯೂಟ್ರಲ್ ಮಾಡಿ ಇಳಿಜಾರಲ್ಲಿ ಬಿಟ್ಟರೂ ಉಂಟು. ಬ್ರೇಕ್ ಮೆಲ್ಲಗೆ ಒತ್ತಿದರೆ ವ್ಯತ್ಯಾಸ ಇಲ್ಲ. ತಿರುವಿನಲ್ಲಿ ಭಾರ ಒಂದು ಕಡೆಗೆ ವಾಲಿದರೂ ವ್ಯತ್ಯಾಸ ಇಲ್ಲ. ಮಳೆಗಾಲದಲ್ಲಿ ಪೂರ್ತಿ ಮೌನ. ದೀಪಾವಳಿ ಕಳೆದು ರಸ್ತೆ ಒಣಗಿದ ಮೇಲೆ ಶುರು.

ಮೊದಲ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ, "ಬೇರಿಂಗ್ ತನ್ನೆ" (ಮಲಯಾಳದಲ್ಲಿ, ಬೇರಿಂಗೇ) ಅಂದರು. ಆಕ್ಸಲ್ ಎಳೆದು, ಬೇರಿಂಗ್ ಪ್ರೆಸ್ ಮಾಡಿಸಿ, ಕೂಲಿ ಸೇರಿ ಎರಡು ಸಾವಿರದ ಹತ್ತಿರ ಆಯಿತು. ಶಬ್ದ ಹಾಗೇ ಇತ್ತು. ಮೇಲಿಂದ ಹೊಸ ಆಯಿಲ್ ಸೀಲ್ ಸರಿ ಕೂರದೆ ಎಣ್ಣೆ ಇಳಿದು ಬ್ರೇಕ್ ಲೈನರ್ ಹಾಳಾಯಿತು. ಅದಕ್ಕೆ ಮತ್ತೊಂದು ಸಾವಿರದ ಇನ್ನೂರೋ ಮುನ್ನೂರೋ. ಕಾಸರಗೋಡು ಪೇಟೆಯ ಇನ್ನೊಬ್ಬರು ಪ್ಲೇಟ್ ಸೆಟ್ (ಹಿಂದಿನ ಪಟ್ಟಿ ಸ್ಪ್ರಿಂಗ್) ಬಿಚ್ಚಿ ಬುಷ್ ಹಾಕಿದರು, ಎರಡೂ ಕಡೆಗೆ. ಅಲ್ಲಿ ಹೋದದ್ದು ಸುಮಾರು ಎರಡೂವರೆ ಸಾವಿರ. ಬುಷ್ ಹಳೆಯದಾಗಿತ್ತು, ಹಾಕಿದ್ದು ನಷ್ಟವಲ್ಲ ಅಂತ ನನ್ನನ್ನೇ ಸಮಾಧಾನ ಮಾಡಿಕೊಂಡೆ. ವಾಪಸ್ಸು ಬರುವಾಗ ಚೆರ್ಕಳ ದಾಟಿ ಒಳದಾರಿಗೆ ಇಳಿದದ್ದೇ ಕಿಂಯ್ ಕಿಂಯ್.

ಎಲ್ಲರಿಗೂ ತಲೆ ಕೆಟ್ಟದ್ದು ಒಂದೇ ವಿಷಯಕ್ಕೆ. ಗಾಡಿ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿದರೆ ಏನೂ ಇಲ್ಲ. ನೆಲಕ್ಕಿಳಿಸಿದರೆ ಹಾಜರ್. "ನಿಮಗೆ ಕಿವಿಯ ಸಮಸ್ಯೆ" ಅಂತ ಒಬ್ಬ ತಮಾಷೆಯನ್ನೂ ಮಾಡಿದ. ಇದರ ಒಗಟು ಬಿಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ ಅಂತ ನನಗೆ ಆಗಲೇ ಅನ್ನಿಸಿತ್ತು. ಹಿಂದಿನ ಎರಡೂ ಚಕ್ರ ಗಾಳಿಯಲ್ಲಿದ್ದಾಗ ಒಂದನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದ ಸರಳು, ಸುಮ್ನೆ ನಿಂತಿರುತ್ತದೆ. ಅಂದರೆ ಚಕ್ರ ತಿರುಗಿಯೂ ಶಬ್ದ ಇಲ್ಲ ಎಂದಾದರೆ ಕಳ್ಳ ಚಕ್ರಕ್ಕಿಂತ ಹೆಚ್ಚಾಗಿ ಶಾಫ್ಟಿನಲ್ಲೇ ಇರಬೇಕು, ಗಾಡಿ ಓಡುವಾಗ ಅದು ತಿರುಗುತ್ತದಲ್ಲ.

ಹಾಗಾದರೆ ಎಡಗಡೆಯಿಂದಲೇ ಯಾಕೆ ಕೇಳುತ್ತದೆ? ನಮ್ಮ ದಾರಿಯ ಎಡಕ್ಕೆ ಉದ್ದಕ್ಕೂ ಕೆಂಪುಕಲ್ಲಿನ ಪಾಗಾರ. ಶಬ್ದ ಅದಕ್ಕೆ ಬಡಿದು ಕಿಟಕಿಯಿಂದ ಒಳಗೆ ಬರುತ್ತದೆ. ಸೀತಾಂಗೋಳಿ ಕಡೆಯ ಬಯಲಿನಲ್ಲಿ ಓಡಿಸಿದರೆ ಎಡವೂ ಇಲ್ಲ, ಬಲವೂ ಇಲ್ಲ. ಇದನ್ನು ಹೇಳಿದಾಗ ಭಾವ ನಂಬಲಿಲ್ಲ. ಅವನನ್ನೇ ಕೂರಿಸಿಕೊಂಡು ಹೋಗಿ ತೋರಿಸಬೇಕಾಯಿತು.

ಈಗ ಸೀಮೆಸುಣ್ಣ. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿದೆ. ಟಯರಿನ ಬದಿಗೆ ಒಂದು ಗೆರೆ, ಶಾಫ್ಟಿನ ಮೇಲೆ ಒಂದು ಗೆರೆ. ಗೇರ್ ನ್ಯೂಟ್ರಲ್. ಹುಡುಗರು ಮೆಲ್ಲಗೆ ತಳ್ಳಿದರು. ನಾನು ಪಕ್ಕದಲ್ಲೇ ಬಗ್ಗಿ ನಡೆಯುತ್ತಾ ಎಣಿಸಿದೆ. ಟಯರಿನ ಗೆರೆ ಒಂದು ಸುತ್ತು ಬರುವಷ್ಟರಲ್ಲಿ ಐದು ಕಿಂಯ್. ಬ್ರೇಕ್ ಡ್ರಮ್ಮು ಆಗಿದ್ದರೆ ಸಾಮಾನ್ಯವಾಗಿ ಸುತ್ತಿಗೊಂದು ಬರಬೇಕು. ಫೋನನ್ನು ಟೇಪಿನಿಂದ ಅಡಿಗೆ ಅಂಟಿಸಿ ವಿಡಿಯೋ ತೆಗೆದು ನೋಡಿದರೆ ಶಾಫ್ಟ್ ಕೂಡ ಅಷ್ಟೇ, ಐದು ಚಿಲ್ಲರೆ ಸುತ್ತು. ಶಾಫ್ಟಿನ ಗೆರೆ ಒಂದು ಕಡೆ ಬಂದಾಗಲೇ ಕಿಂಯ್. ಜಗಳಕ್ಕೆ ಜಾಗವೇ ಇಲ್ಲ. ಒಂದು ಎಚ್ಚರಿಕೆ: ಒಂದೇ ಚಕ್ರ ಜಾಕಿಯಲ್ಲಿ ಎತ್ತಿ ತಿರುಗಿಸಿ ಎಣಿಸಿದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಭಾವ ಹಾಗೆ ಎಣಿಸಿ ಎರಡೂವರೆ ಅಂತ ವಾದಕ್ಕೆ ನಿಂತಿದ್ದ. ಗಾಡಿ ತಳ್ಳಿಯೇ ಎಣಿಸಿ.

ಶಾಫ್ಟಿನಲ್ಲಿ ಕ್ರಾಸ್ (ಶಾಫ್ಟ್ ಓರೆಯಾಗಿದ್ದರೂ ತಿರುಗುವಂತೆ ಮಾಡುವ, + ಆಕಾರದ ಕೀಲು) ಎರಡು, ಮುಂದೊಂದು ಹಿಂದೊಂದು. ಯಾವುದು ಅಂತ ತಿಳಿಯಲು ಅಡಿಕೆಗೆ ಬೋರ್ಡೋ (ಮೈಲುತುತ್ತು-ಸುಣ್ಣದ ಔಷಧಿ) ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು ಬರೀ ನೀರು ತುಂಬಿಸಿದೆ. ತೊಳೆಯದೆ ಹೊಡೆಯಬೇಡಿ, ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಪ್ಲೇಟ್ ಸೆಟ್ಟಿಗೆ ಹೊಡೆದೆ, ಶಬ್ದ ಇದೆ. ಡ್ರಮ್ಮಿಗೆ ಹೊಡೆದೆ, ಇದೆ. ಮುಂದಿನ ಕ್ರಾಸಿಗೂ ಆಯಿತು. ಹಿಂದಿನದಕ್ಕೆ ಹೊಡೆದದ್ದೇ ನಿಂತಿತು. ಒಂದು ಕಿಲೋಮೀಟರ್ ಆಸುಪಾಸು ಓಡಿಸಿ ನೀರು ಆರಿದ ಮೇಲೆ ಮತ್ತೆ ಬಂತು. ಮಳೆಗಾಲದ ಮೌನ ಯಾಕೆ ಅಂತಲೂ ಗೊತ್ತಾಯಿತು. ನಡುವೆ ಪ್ಲೇಟ್ ಸೆಟ್ಟಿಗೆ ತೆಂಗಿನೆಣ್ಣೆ ಹಾಕಿ ನೋಡಿದ್ದೂ ಉಂಟು. ಧೂಳು ಅಂಟಿದ್ದು ಬಿಟ್ಟರೆ ಬೇರೆ ಉಪಯೋಗ ಆಗಲಿಲ್ಲ.

ಬಿಚ್ಚುವ ಮೊದಲು ಫ್ಲಾಂಜಿಗೂ (ಶಾಫ್ಟಿನ ಹಿಂದಿನ ತುದಿ ಬೋಲ್ಟ್ ಆಗುವ ತಟ್ಟೆ) ಶಾಫ್ಟಿಗೂ ಸೇರಿಸಿ ಒಂದು ಗುರುತು ಹಾಕಿ. ಉಲ್ಟಾ ಕೂರಿಸಿದರೆ ನಡುಕ ಬರಬಹುದು. ಮುಂದಿನ ತುದಿ ಎಳೆದಾಗ ಗೇರ್ ಬಾಕ್ಸಿನ ಎಣ್ಣೆ ಸುರಿಯುತ್ತದೆ, ಪ್ಲಾಸ್ಟಿಕ್ ಕಟ್ಟಿ ತಡೆಯಿರಿ. ಹಿಂದಿನ ಕ್ರಾಸಿನ ಕಾಲಿನ ತುದಿಯ ಒಂದು ಬಟ್ಟಲು ತೆಗೆದಾಗ ಒಳಗೆ ಗ್ರೀಸಿನ ಸುಳಿವೇ ಇರಲಿಲ್ಲ. ಸೂಜಿಯಂಥ ರೋಲರ್‌ಗಳಲ್ಲಿ ಅರ್ಧಕ್ಕರ್ಧ ತುಂಡಾಗಿ ಕೆಂಪು ಪುಡಿಯಾಗಿದ್ದವು. ಕ್ರಾಸಿನ ಕಾಲಿನ ಮೇಲೆ ಸಾಲಾಗಿ ಸೂಜಿಗಳ ಅಚ್ಚು, ಉಗುರಿಗೆ ಸಿಗುವಷ್ಟು ಆಳ. ಹೊರಗಿನಿಂದ ಯಾರಿಗೂ ಇದು ಕಾಣದೆ ಹೋದದ್ದಕ್ಕೆ ಕಾರಣ ನಮ್ಮ ಊರಿನ ಕೆಂಪು ಧೂಳು. ಬೇರೆ ಊರಿನಲ್ಲಾದರೆ ಬಟ್ಟಲಿನ ಸುತ್ತ ಕೆಂಪು ಪುಡಿ ಕಂಡ ಕೂಡಲೇ ತುಕ್ಕು ಅನ್ನುತ್ತಾರೆ. ನಮ್ಮಲ್ಲಿ ಗಾಡಿಯ ಅಡಿ ಪೂರ್ತಿ ಮುರಕಲ್ಲಿನ (ಕೆಂಪುಕಲ್ಲಿನ) ಧೂಳು. ಯಾವುದು ತುಕ್ಕು, ಯಾವುದು ಮಣ್ಣು ಅಂತ ಯಾರಿಗೆ ಗೊತ್ತು?

ಹೊಸ ಕ್ರಾಸ್ ಒಂದಕ್ಕೆ ಆಗ 400ರ ಆಸುಪಾಸು ಆಯಿತು. ಎರಡನ್ನೂ ಬದಲಿಸಿದೆ. ಪ್ರೆಸ್ ಇಲ್ಲದೆ ಬೆಂಚ್ ವೈಸ್ ಮತ್ತು ಎರಡು ಸಾಕೆಟ್ಟಿನಲ್ಲೇ ಕೂರಿಸಿದೆ. ಬಟ್ಟಲನ್ನು ಹಿಡಿದಿಡುವ, ತುಕ್ಕು ಹಿಡಿದ ಸರ್ಕ್ಲಿಪ್ಪನ್ನು ಮುರಿಯದೆ ಹೇಗೆ ತೆಗೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ನಮ್ಮ ಅಂಗಳಕ್ಕೇ ಬರಬೇಕು. ಯಾವ ಗ್ರೀಸ್ ಅನ್ನುವುದೂ ಹಾಗೇ. ಹೋಟೆಲಿನಲ್ಲಿ ನಕ್ಕವರಲ್ಲಿ ಇಬ್ಬರು ಆಗಲೇ ಗಾಡಿ ತಂದು ಮಾಡಿಸಿಕೊಂಡು ಹೋಗಿದ್ದಾರೆ. ಕೂಲಿ ತೆಗೆದುಕೊಳ್ಳಲಿಲ್ಲ, ಆದರೆ ತಳ್ಳುವ ಕೆಲಸ ಅವರಿಂದಲೇ ಮಾಡಿಸಿದೆ.

ಕಳೆದ ಬೇಸಿಗೆ ಪೂರ್ತಿ ಗಾಡಿ ಸದ್ದಿಲ್ಲದೆ ಓಡಿತು. ಈಗ ಐವತ್ತರ ಮೇಲೆ ಸಣ್ಣದೊಂದು ಗುಂಯ್ ಕೇಳುತ್ತಿದೆ. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದೆ. ಹಿಂದಿನ ಆಕ್ಸಲಿನ ನಡುವಿನ ಗೇರುಗಳ, ಅಂದರೆ ಡಿಫರೆನ್ಷಿಯಲ್ ಮೇಲೆ ನನಗೆ ಸಂಶಯ. ಮೊದಲು ಅದರ ಎಣ್ಣೆ ಇಳಿಸಿ ನೋಡಬೇಕು.