ಏಡಿ ಬೋನಿನೊಳಗೆ ಇಣುಕಲು ಕಡಿಮೆ ಬೆಲೆಯ ಕ್ಯಾಮೆರಾ ಆರಿಸುವುದು ಹೇಗೆ?

ಕುಂದಾಪುರದ ಪಂಚಗಂಗಾವಳಿಯಾಗಲಿ, ಕುಮಟಾದ ಅಘನಾಶಿನಿಯಾಗಲಿ, ಹಿನ್ನೀರಿನಲ್ಲಿ ಏಡಿಗೆ ಬೋನು ಇಳಿಸುವವರನ್ನು ಕಾಡುವ ಪ್ರಶ್ನೆ ಒಂದೇ. ಎರೆ ಖಾಲಿಯಾಗಿದೆ, ಬೋನೂ ಖಾಲಿ. ಏಡಿ ಬಂದು ತಿಂದು ಹೋಯಿತೇ, ಸಣ್ಣ ಮೀನುಗಳು ಎರೆಯನ್ನು ಕಿತ್ತು ಮುಗಿಸಿದವೇ, ಸೆಳೆತಕ್ಕೆ ಬೋನು ಮಗುಚಿ ಬಾಯಿ ಕೆಸರಿಗೆ ಹೂತಿತ್ತೇ? ದೋಣಿಯಲ್ಲಿ ಕುಳಿತು ಇದನ್ನು ಊಹಿಸಬಹುದೇ ಹೊರತು ಕಾಣಲಾಗದು. ಐದಾರು ಸಾವಿರ ರೂಪಾಯಿಯ ಕ್ಯಾಮೆರಾ ಇದಕ್ಕೆ ಉತ್ತರ ಕೊಡಬಲ್ಲದು. ಆದರೆ ಅದನ್ನು ಮೆಗಾಪಿಕ್ಸೆಲ್ ನೋಡಿ ಕೊಳ್ಳಬಾರದು, ನಿಮ್ಮ ನೀರನ್ನು ನೋಡಿ ಕೊಳ್ಳಬೇಕು.

ಮೊದಲು ನೀರನ್ನು ಅಳೆಯಿರಿ

ಬಿಳಿ ಬಣ್ಣದ ತಟ್ಟೆಯೊಂದಕ್ಕೆ ಭಾರ ಕಟ್ಟಿ, ಅಡಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಮೆಲ್ಲಗೆ ಇಳಿಸಿ. ತಟ್ಟೆ ಕಣ್ಮರೆಯಾದ ಆಳವನ್ನು ಬರೆದುಕೊಳ್ಳಿ. ಇಟಲಿಯ ವಿಜ್ಞಾನಿ ಆ್ಯಂಜೆಲೊ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಈ ವಿಧಾನವನ್ನು ಜಲ ಸಂಶೋಧಕರು ಇಂದಿಗೂ ಬಿಟ್ಟಿಲ್ಲ. ತಟ್ಟೆ ಮರೆಯಾದ ಆಳದ ಅರ್ಧದಷ್ಟು ದೂರದವರೆಗೆ ಮಾತ್ರ ಕ್ಯಾಮೆರಾಗೆ ಏಡಿ ಗುರುತು ಸಿಗುತ್ತದೆ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಮೂರು ಅಡಿಯಲ್ಲಿ ಮರೆಯಾದರೆ ಒಂದೂವರೆ ಅಡಿ ಕಾಣುತ್ತದೆ. ಬೋನಿನ ಒಳಗೆ ನೋಡಲು ಅಷ್ಟು ಸಾಕು. ಎರಡು ಅಡಿಗೂ ಮೊದಲೇ ಮರೆಯಾದರೆ ಆ ದಿನ ಕ್ಯಾಮೆರಾ ಇಳಿಸುವುದೇ ಬೇಡ.

ಈ ಪರೀಕ್ಷೆಯನ್ನು ಒಂದೇ ಹೊತ್ತಿನಲ್ಲಿ ಮಾಡಿ ತೀರ್ಮಾನಿಸಬೇಡಿ. ಉಬ್ಬರ ತುಂಬಿ ನೀರು ನಿಂತಾಗ ಕಡಲಿನ ತಿಳಿನೀರು ಒಳಗೆ ಬಂದಿರುತ್ತದೆ. ಇಳಿತ ಶುರುವಾಯಿತೆಂದರೆ ಕೆಸರು ಎದ್ದು ಅದೇ ಜಾಗ ಬಗ್ಗಡವಾಗುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾವೂ ಸೋಲುತ್ತದೆ. ಹಾಗಾಗಿ ಕೊಳ್ಳುವುದಿದ್ದರೆ ಮಳೆ ನಿಂತು ನೀರು ತಿಳಿಯಾದ ಮೇಲೆ ಕೊಳ್ಳಿ. ಆಗ ಪರೀಕ್ಷೆ ಮಾಡಿ, ಸರಿಯಿಲ್ಲದಿದ್ದರೆ ಅಂಗಡಿಯ ವಾಪಸಾತಿ ಅವಧಿಯೊಳಗೆ ಮರಳಿಸಬಹುದು.

ಯಾವ ಬಗೆಯದು?

ಕಡಿಮೆ ಬೆಲೆಗೆ ಸಿಗುವುದು ಮುಖ್ಯವಾಗಿ ಮೂರು ಬಗೆ. ಚರಂಡಿ ಪೈಪಿನೊಳಗೆ ನೋಡಲು ಬಳಸುವ, ಮೊಬೈಲಿಗೆ ಸಿಕ್ಕಿಸುವ ಸಪೂರ ವಯರ್ ಕ್ಯಾಮೆರಾ ಎಲ್ಲಕ್ಕಿಂತ ಅಗ್ಗ. ಇದನ್ನು ಕೊಳ್ಳಬೇಡಿ. ಹೆಚ್ಚಿನವುಗಳ ಮೇಲೆ ಐಪಿ67 ಎಂದಿರುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ ಎಂದಷ್ಟೇ ಅದರ ಅರ್ಥ, ಅದೂ ಸಿಹಿನೀರಿನಲ್ಲಿ.

ಎರಡನೆಯದು ಕೇಬಲ್ ಮತ್ತು ಪುಟ್ಟ ಪರದೆ ಇರುವ ಇಳಿಬಿಡುವ ಕ್ಯಾಮೆರಾ. ದೋಣಿಯಲ್ಲಿ ಕುಳಿತೇ ಕೆಳಗಿನದನ್ನು ನೋಡಬಹುದು ಎಂಬುದು ಇದರ ದೊಡ್ಡ ಅನುಕೂಲ. ಹತ್ತಾರು ಬೋನುಗಳನ್ನು ಇಳಿಸಿ, ಯಾವುದನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಅಲ್ಲೇ ನಿರ್ಧರಿಸುವವರಿಗೆ ಇದೇ ಸರಿ. ಬೆಲೆ ಮಾತ್ರ ಮೂರನೆಯ ಬಗೆಯ ಎರಡು ಮೂರು ಪಟ್ಟು. ಅಗ್ಗದ ಮಾದರಿಗಳಲ್ಲಿ ರೆಕಾರ್ಡಿಂಗ್ ಇರುವುದಿಲ್ಲ, ಕೇಳಿ ಕೊಳ್ಳಿ. ಕೇಬಲ್ ಹಿಡಿದು ಬೋನು ಎಳೆಯುವುದು ಬೇಡವೇ ಬೇಡ. ಜೊತೆಗೊಂದು ಹಗ್ಗ ಕಟ್ಟಿ ಭಾರವೆಲ್ಲ ಅದರ ಮೇಲೆ ಬೀಳುವಂತೆ ಮಾಡಿ.

ಮೂರನೆಯದು ಆ್ಯಕ್ಷನ್ ಕ್ಯಾಮೆರಾ, ಅಂದರೆ ಬೈಕ್ ಸವಾರರು ಹೆಲ್ಮೆಟ್ಟಿಗೆ ಕಟ್ಟಿಕೊಳ್ಳುವಂಥ ಪುಟ್ಟ ಕ್ಯಾಮೆರಾ, ಪಾರದರ್ಶಕ ಕವಚದೊಂದಿಗೆ. ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಹಿನ್ನೀರಿನಲ್ಲಿ ನಾವು ಬೋನು ಇಳಿಸುವ ಆಳ ಕೆಲವೇ ಮೀಟರ್; ಕವಚಕ್ಕೆ 30 ಮೀಟರಿನ ಖಾತರಿಯಿದ್ದರೆ ಧಾರಾಳವಾಯಿತು. ‘ವೈಫೈ ಮೂಲಕ ಮೊಬೈಲಿನಲ್ಲೇ ನೋಡಿ’ ಎಂಬ ಜಾಹೀರಾತನ್ನು ನಂಬಬೇಡಿ. ಉಪ್ಪುನೀರು ಆ ಸಂಕೇತವನ್ನು ಕೆಲವೇ ಸೆಂಟಿಮೀಟರಿನಲ್ಲಿ ನುಂಗಿಬಿಡುತ್ತದೆ. ಮೇಲೆತ್ತಿದ ನಂತರವೇ ನೋಡಬೇಕು.

ಕೊಳ್ಳುವಾಗ ಕೇಳಬೇಕಾದದ್ದು

ನೋಟದ ಅಗಲ 120 ಡಿಗ್ರಿಗಿಂತ ಕಡಿಮೆ ಇರಬಾರದು. ಚಪ್ಪಟೆ ಗಾಜಿನ ಹಿಂದಿರುವ ಮಸೂರದ ನೋಟ ನೀರಿನಲ್ಲಿ ಕುಗ್ಗುತ್ತದೆ. 120 ಇದ್ದದ್ದು ಸುಮಾರು 80ಕ್ಕೆ ಇಳಿಯುತ್ತದೆ. ಅಷ್ಟಿದ್ದರೆ ಒಂದೂವರೆ ಅಡಿ ದೂರದಿಂದ ಎರಡಡಿ ಅಗಲದ ಬೋನು ಪೂರ್ತಿ ಕಾಣುತ್ತದೆ.

ಬ್ಯಾಟರಿಯ ವಿಷಯದಲ್ಲಿ ಡಬ್ಬಿಯ ಮೇಲಿನ ಅಂಕಿಯನ್ನು ಬದಿಗಿಟ್ಟು ಮನೆಯಲ್ಲೇ ಮೇಜಿನ ಮೇಲೆ ಓಡಿಸಿ ನೋಡಿ. ಸತತ ವಿಡಿಯೊ ತೆಗೆದರೆ ಅಗ್ಗದ ಕ್ಯಾಮೆರಾ ಗಂಟೆ, ಒಂದೂವರೆ ಗಂಟೆಯಲ್ಲಿ ಸುಸ್ತಾಗುತ್ತದೆ. ಹತ್ತು ಸೆಕೆಂಡಿಗೊಂದು ಫೋಟೊ ತೆಗೆಯುವ ಟೈಮ್‌ಲ್ಯಾಪ್ಸ್ ಇದ್ದರೆ ನಾಲ್ಕು ಗಂಟೆಗೆ 1,440 ಫೋಟೊಗಳು. 32 ಜಿಬಿ ಕಾರ್ಡಿನಲ್ಲಿ ಆರಾಮವಾಗಿ ಹಿಡಿಯುತ್ತವೆ. ಕೆಲವು ಮಾದರಿಗಳಲ್ಲಿ ಎರಡು ಫೋಟೊಗಳ ನಡುವೆಯೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಅದಕ್ಕಾಗಿಯೇ ಮನೆಯ ಪರೀಕ್ಷೆ.

ಬೆಳಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹಣ ಪೋಲಾಗುವುದು ಇಲ್ಲೇ. ಮಸೂರದ ಸುತ್ತಲೇ ದೀಪಗಳಿರುವ ಕ್ಯಾಮೆರಾ ನೋಡಲು ಚಂದ. ಬಗ್ಗಡ ನೀರಿನಲ್ಲಿ ಆ ಬೆಳಕು ತೇಲುವ ಕಣಗಳಿಗೆ ಬಡಿದು ನೇರ ವಾಪಸು ಬರುತ್ತದೆ, ಆಗುಂಬೆ ಘಾಟಿಯ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಹಾಗೆ. ದೀಪವಿಲ್ಲದ ಕ್ಯಾಮೆರಾ ಕೊಂಡು, ನೀರಿಗೆ ತಾಳುವ ಚಿಕ್ಕ ಟಾರ್ಚನ್ನು ಬೋನಿನ ಪಕ್ಕದ ಮೂಲೆಗೆ ಓರೆಯಾಗಿ ಕಟ್ಟಿ. ಹಿನ್ನೀರಿನ ದೊಡ್ಡ ಏಡಿ ಚುರುಕಾಗುವುದು ರಾತ್ರಿಯಲ್ಲಿ. ಟಾರ್ಚಿನ ಗಾಜಿಗೆ ಕೆಂಪು ಹಾಳೆ ಅಂಟಿಸಿ. ಕೆಂಪು ಬೆಳಕು ಏಡಿಯ ಕಣ್ಣಿಗೆ ಅಷ್ಟಾಗಿ ತಾಗುವುದಿಲ್ಲ, ಬೆದರದೆ ಬರುತ್ತದೆ. ಕಣ್ಣಿಗೆ ಕಾಣದ ‘ಇನ್‌ಫ್ರಾರೆಡ್’ ಬೆಳಕಿದೆ ಎಂದು ಹೆಚ್ಚು ಹಣ ಕೇಳಿದರೆ ಕೊಡಬೇಡಿ, ಆ ಬೆಳಕನ್ನು ನೀರು ಬಹುಬೇಗ ಹೀರಿಕೊಳ್ಳುತ್ತದೆ.

ಇಳಿಸುವ ಮುನ್ನ

ಮೊದಲ ಸಲ ಕ್ಯಾಮೆರಾ ಇಲ್ಲದ ಖಾಲಿ ಕವಚವನ್ನು, ಒಳಗೆ ಒಣ ಟಿಶ್ಯೂ ಕಾಗದವಿಟ್ಟು, ಕಲ್ಲು ಕಟ್ಟಿ ಮುಳುಗಿಸಿ. ಒಂದು ಗಂಟೆಯ ನಂತರ ಕಾಗದ ಒಣಗಿಯೇ ಇದ್ದರೆ ಕ್ಯಾಮೆರಾ ಹಾಕಬಹುದು. ಕವಚದ ಅಂಚಿನ ರಬ್ಬರ್ ಉಂಗುರದ ಮೇಲೆ ಒಂದೇ ಒಂದು ಕೂದಲು, ಒಂದು ಮರಳಿನ ಕಣ ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ. ಬೆರಳ ತುದಿಯಿಂದ ಸುತ್ತಲೂ ಸವರಿ ನೋಡಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಿ. ಪ್ರತಿ ಸಲ ಎತ್ತಿದ ಮೇಲೆ ಕವಚ ತೆರೆಯುವ ಮುನ್ನ ಬಕೆಟ್ ಸಿಹಿನೀರಿನಲ್ಲಿ ನೆನೆಸಿ ಒರೆಸಿ. ಉಪ್ಪು ಒಣಗಿ ಹರಳಾಯಿತೆಂದರೆ ಉಂಗುರ ಕೆಡುತ್ತದೆ.

ಕ್ಯಾಮೆರಾವನ್ನು ಬೋನಿನ ಮೇಲ್ಚೌಕಟ್ಟಿಗೆ, ಎರೆಯ ಚೀಲ ಮತ್ತು ಬೋನಿನ ಬಾಯಿ ಎರಡೂ ಕಾಣುವಂತೆ ಕಟ್ಟಿ. ಹಗ್ಗವನ್ನು ಚೌಕಟ್ಟಿಗೆ ಬೇರೆ, ಕ್ಯಾಮೆರಾಗೆ ಬೇರೆ ಹಾಕಿ; ಒಂದು ತುಂಡಾದರೂ ಇನ್ನೊಂದು ಉಳಿಯುತ್ತದೆ.

ಚಿತ್ರದಲ್ಲಿ ಏಡಿಯ ಗಾತ್ರ ನೋಡಿ ಹಿಗ್ಗಬೇಡಿ. ನೀರಿನಲ್ಲಿ ಎಲ್ಲವೂ ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. 15 ಸೆಂಟಿಮೀಟರಿನದು 20ರಂತೆ. ಬೋನಿನ ತಳದ ಸರಳಿಗೆ ಐದು ಸೆಂಟಿಮೀಟರಿಗೊಂದರಂತೆ ಬಿಳಿ ಬಣ್ಣದ ಗೆರೆ ಎಳೆದಿದ್ದರೆ ಏಡಿ ಅದರ ಪಕ್ಕ ನಿಂತಾಗ ನಿಜವಾದ ಅಳತೆ ಸಿಗುತ್ತದೆ. ಚಿಪ್ಪನ್ನೂ ಗಮನಿಸಿ. ಪಾಚಿ, ಕಲೆ ಏನೂ ಇಲ್ಲದೆ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಅದು ಈಚೆಗೆ ಪೊರೆ ಕಳಚಿದ್ದು. ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚು, ಮಾರುಕಟ್ಟೆಯಲ್ಲಿ ಬೆಲೆಯೂ ಇಲ್ಲ. ಅಂಥವು ಮತ್ತು ಮರಿಗಳೇ ಪದೇ ಪದೇ ಕಾಣಿಸಿದರೆ ಆ ಜಾಗದಿಂದ ಬೋನು ತೆಗೆದು ಕೆಲವು ವಾರ ಬಿಟ್ಟುಬಿಡಿ. ದೊಡ್ಡ ಏಡಿ ಬಾಯಿಯವರೆಗೆ ಬಂದು ತಡವರಿಸಿ ಹಿಂದಿರುಗುತ್ತಿದ್ದರೆ ತಪ್ಪು ಬೋನಿನದು. ಬಾಯಿಯ ಇಳಿಜಾರು ಸಡಿಲಾಗಿದೆಯೇ ನೋಡಿ, ಬಲೆಯನ್ನು ಬಿಗಿದು ಕಟ್ಟಿ, ಎರೆಯ ಚೀಲವನ್ನು ನಡುವಿಗೆ ಸರಿಸಿ, ಮರುದಿನದ ಉಬ್ಬರಕ್ಕೆ ಅದೇ ಜಾಗದಲ್ಲಿ ಮತ್ತೆ ಇಳಿಸಿ.